ಹರಾಜಿನ ಫೋಟೊ ನೋಡಿ ಹಳೆಯ ನಾಣ್ಯವನ್ನು ನಂಬಬಹುದೇ?

ರಾಮದುರ್ಗ ತಾಲ್ಲೂಕಿನ ಸುರೇಬಾನದಂಥ ಊರಿನ ಒಂದು ಹಳೆಯ ಮನೆಯನ್ನು ಊಹಿಸಿಕೊಳ್ಳಿ. ದೇವರ ಜಗಲಿಯ ಮೇಲೆ ಅಜ್ಜಿಯ ಕಾಲದ ನಾಲ್ಕು ಬಂದಾ ರೂಪಾಯಿಗಳಿವೆ. ದೀಪಾವಳಿಯ ಲಕ್ಷ್ಮೀಪೂಜೆಗೆ ಅವನ್ನು ಹುಣಸೆಹಣ್ಣಿನಿಂದ ತಿಕ್ಕಿ, ಕುಂಕುಮ ಹಚ್ಚಿ, ಪೂಜೆ ಮುಗಿದ ಮೇಲೆ ಮತ್ತೆ ಡಬ್ಬಿಯಲ್ಲಿ ಇಡುತ್ತಾರೆ. ಒಂದು ದಿನ ಮನೆಯ ಹುಡುಗ ಮೊಬೈಲಿನಲ್ಲಿ ಅಂಥದೇ ನಾಣ್ಯದ ಫೋಟೊ ಕಾಣುತ್ತಾನೆ. ಕೆಳಗೆ ‘ಅಪರೂಪದ ನಾಣ್ಯ, ಆರಂಭದ ಬೆಲೆ 2 ಲಕ್ಷ’ ಎಂದಿದೆ. ಆಗ ಅವನಿಗೆ ಎರಡು ಯೋಚನೆಗಳು ಬರುತ್ತವೆ. ಮನೆಯಲ್ಲಿರುವುದನ್ನು ಮಾರಿದರೆ ಸಾಲ ತೀರಬಹುದು. ಇಲ್ಲವೇ ಆನ್‌ಲೈನಿನಲ್ಲಿ ಅಗ್ಗಕ್ಕೆ ಇನ್ನೊಂದು ಕೊಂಡು ಹೆಚ್ಚಿನ ಬೆಲೆಗೆ ಮಾರಬಹುದು.

ಎರಡೂ ದಾರಿಗಳಲ್ಲಿ ಜನ ರೊಕ್ಕ ಕಳೆದುಕೊಂಡಿದ್ದಾರೆ. ಎರಡೂ ಕಡೆ ಮೋಸ ಶುರುವಾಗುವುದು ಒಂದು ಫೋಟೊದಿಂದ. ಹಾಗಾದರೆ ಫೋಟೊ ನೋಡಿ ನಾಣ್ಯದ ಬಗ್ಗೆ ಏನು ಹೇಳಬಹುದು, ಏನು ಹೇಳಲಾಗದು? ಇದು ಈ ಲೇಖನದ ವಿಷಯ.

ಉತ್ತರವನ್ನು ಮೊದಲೇ ಹೇಳಿಬಿಡೋಣ. ಒಂದು ನಾಣ್ಯ ಸುಳ್ಳು ಎಂಬುದನ್ನು ಫೋಟೊ ಎಷ್ಟೋ ಸಲ ತೋರಿಸಿಕೊಡುತ್ತದೆ. ನಾಣ್ಯ ನಿಜ ಎಂಬುದನ್ನು ಮಾತ್ರ ಎಂಥ ಒಳ್ಳೆಯ ಫೋಟೊ ಕೂಡ ಸಾಬೀತು ಮಾಡಲಾರದು. ಅದಕ್ಕೆ ತೂಕ ಬೇಕು, ಅಂಚು ಬೇಕು, ಲೋಹದ ಪರೀಕ್ಷೆ ಬೇಕು. ಇವು ಯಾವುವೂ ಚಿತ್ರದಲ್ಲಿ ಸಿಗುವುದಿಲ್ಲ.

ಹೊಳಪು ಎಂದರೆ ಹೊಸತು ಎಂದಲ್ಲ

ನಾಣ್ಯವನ್ನು ಟಂಕಸಾಲೆಯಲ್ಲಿ ಒತ್ತುವಾಗ ಲೋಹ ನಡುವಿನಿಂದ ಅಂಚಿನ ಕಡೆಗೆ ಹರಿಯುತ್ತದೆ. ಆ ಹರಿವಿನಿಂದ ಮೇಲ್ಮೈ ಮೇಲೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮ ಗೆರೆಗಳು ಮೂಡುತ್ತವೆ. ಬಳಸದ ನಾಣ್ಯವನ್ನು ಒಂದೇ ಬಲ್ಬಿನ ಬೆಳಕಿನಲ್ಲಿ ಮೆಲ್ಲಗೆ ಓರೆ ಮಾಡಿದರೆ ಬಂಡಿಯ ಗಾಲಿಯ ಕಡ್ಡಿಗಳು ತಿರುಗಿದಂತೆ ಬೆಳಕಿನ ಪಟ್ಟೆಗಳು ಸುತ್ತುತ್ತವೆ. ಸಂಗ್ರಾಹಕರು ಹುಡುಕುವ ನಿಜವಾದ ಹೊಳಪು ಇದು.

ಹುಣಸೆಹಣ್ಣು, ಬೂದಿ, ಪಾತ್ರೆ ತಿಕ್ಕುವ ಪುಡಿ ಅಥವಾ ಪಾಲಿಶ್ ಬಳಸಿ ತಿಕ್ಕಿದಾಗ ಈ ಗೆರೆಗಳು ಅಳಿದುಹೋಗುತ್ತವೆ. ಅವುಗಳ ಜಾಗದಲ್ಲಿ ಕೂದಲೆಳೆಯಂಥ ಗೀರುಗಳು ಬರುತ್ತವೆ. ನಾಣ್ಯ ಮೊದಲಿಗಿಂತ ಬೆಳ್ಳಗೆ ಕಂಡರೂ ಸಂಗ್ರಾಹಕರ ಲೆಕ್ಕದಲ್ಲಿ ಅದರ ಬೆಲೆ ಇಳಿದಿರುತ್ತದೆ. ಫೋಟೊದಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ. ಮೇಲಿನಿಂದ ಮೆತ್ತನೆಯ ಬೆಳಕು ಬಿಟ್ಟರೆ ಗೀರುಗಳು ಮಾಯವಾಗುತ್ತವೆ, ಸವೆದ ಮುಖವೂ ನುಣ್ಣಗೆ ಕಾಣುತ್ತದೆ. ಬದಿಯಿಂದ ತಗ್ಗಾಗಿ ಬೆಳಕು ಬಿಟ್ಟರೆ ಸವೆದ ಅಕ್ಷರಗಳೂ ಉಬ್ಬಿ ನಿಂತಂತೆ ಕಾಣುತ್ತವೆ. ಸುಳ್ಳು ಹೇಳಲು ಮಾರುವವನು ಚಿತ್ರವನ್ನು ತಿದ್ದಬೇಕೆಂದೇನೂ ಇಲ್ಲ, ದೀಪದ ಜಾಗ ಬದಲಿಸಿದರೆ ಸಾಕು.

ಆದ್ದರಿಂದ ಒಂದು ಫೋಟೊದಿಂದ ತೃಪ್ತರಾಗಬೇಡಿ. ಒಂದೇ ಬಲ್ಬಿನ ಕೆಳಗೆ ನಾಣ್ಯವನ್ನು ನಿಧಾನವಾಗಿ ಓರೆ ಮಾಡುತ್ತ ತೆಗೆದ ಹತ್ತು ಸೆಕೆಂಡಿನ ವಿಡಿಯೊ ಕೇಳಿ. ಪ್ರಾಮಾಣಿಕ ಮಾರಾಟಗಾರನಿಗೆ ಇದು ಎರಡು ನಿಮಿಷದ ಕೆಲಸ. ಇದಕ್ಕೆ ನೆಪ ಹೇಳುವವನಿಂದ ದೂರವಿರುವುದು ಒಳ್ಳೆಯದು.

ಬಣ್ಣವನ್ನು ಫೋನ್ ನಿರ್ಧರಿಸುತ್ತದೆ

ಮೊಬೈಲ್ ಕ್ಯಾಮೆರಾ ಸುತ್ತಲಿನ ಬೆಳಕನ್ನು ಅಂದಾಜು ಮಾಡಿ ಬಣ್ಣವನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಹಳದಿ ಬಲ್ಬಿನ ಕೆಳಗಿಟ್ಟ ಹಿತ್ತಾಳೆಯ ಬಿಲ್ಲೆ ಚಿನ್ನದಂತೆ ಕಾಣಬಹುದು. ನೀಲಿ ಬೆಳಕಿನಲ್ಲಿ ತಾಮ್ರ-ನಿಕ್ಕಲ್ ಮಿಶ್ರಲೋಹ ಬೆಳ್ಳಿಯಂತೆ ಕಾಣಬಹುದು. ಬಣ್ಣ ಎದ್ದು ಕಾಣುವ ಫಿಲ್ಟರ್ ಹಾಕಿದರಂತೂ ಕಪ್ಪಾದ ಬೆಳ್ಳಿಯ ಮೇಲೆ ಕಾಮನಬಿಲ್ಲೇ ಮೂಡುತ್ತದೆ.

ಇದಕ್ಕೆ ಸುಲಭದ ಪರೀಕ್ಷೆ ಇದೆ. ಬಿಳಿ ಹಾಳೆಯ ಮೇಲೆ ಆ ನಾಣ್ಯವನ್ನೂ ಪಕ್ಕದಲ್ಲಿ ಇಂದಿನ ಒಂದು ರೂಪಾಯಿ ನಾಣ್ಯವನ್ನೂ ಇಟ್ಟು ಹಗಲು ಬೆಳಕಿನಲ್ಲಿ ಫೋಟೊ ತೆಗೆದು ಕಳಿಸಲು ಹೇಳಿ. ಹಾಳೆ ಹಳದಿಯಾಗಿ ಕಂಡರೆ ನಾಣ್ಯದ ಬಣ್ಣವನ್ನೂ ನಂಬುವಂತಿಲ್ಲ. ಇಂದಿನ ರೂಪಾಯಿ ಎಷ್ಟು ದೊಡ್ಡದು ಎಂಬುದು ನಿಮಗೆ ಗೊತ್ತೇ ಇರುವುದರಿಂದ ಹಳೆಯ ನಾಣ್ಯದ ಗಾತ್ರವೂ ತಿಳಿಯುತ್ತದೆ.

ಪರದೆ ತುಂಬ ಕಂಡ ನಾಣ್ಯ ಸಾಸಿವೆಯಷ್ಟಿರಬಹುದು

ಫೋಟೊ ಮುಚ್ಚಿಡುವ ಸಂಗತಿಗಳಲ್ಲಿ ಗಾತ್ರ ಮುಖ್ಯವಾದದ್ದು. ಮೈಸೂರಿನ ಅರಸ ಕಂಠೀರವ ನರಸರಾಜರು (1638–1659) ಹೊರಡಿಸಿದ ಕಂಠೀರಾಯಿ ಹಣ ಇದಕ್ಕೆ ಒಳ್ಳೆಯ ಉದಾಹರಣೆ. ಇದು ಚಿನ್ನದ ನಾಣ್ಯ, ಒಂದು ಮುಖದಲ್ಲಿ ನರಸಿಂಹನ ಚಿತ್ರವಿದೆ. ಫೋಟೊದಲ್ಲಿ ಅಂಗೈಯಗಲ ಕಾಣುವ ಈ ನಾಣ್ಯದ ಅಡ್ಡಳತೆ ನಿಜವಾಗಿ ಅರ್ಧ ಸೆಂಟಿಮೀಟರಿನ ಆಸುಪಾಸು, ತೂಕ ಗ್ರಾಮಿನ ಮೂರನೇ ಒಂದು ಭಾಗದಷ್ಟು. ವಿಜಯನಗರದ ವರಾಹ ಇದರ ಹತ್ತು ಪಟ್ಟು ತೂಗುತ್ತದೆ, ಸುಮಾರು 3.4 ಗ್ರಾಂ. ಎರಡನ್ನೂ ಪರದೆ ತುಂಬ ದೊಡ್ಡದು ಮಾಡಿ ತೋರಿಸಿದರೆ ಹೊಸಬರಿಗೆ ಎರಡೂ ಒಂದೇ ಗಾತ್ರ.

ಬರಹದಲ್ಲಿ ಮಿಲಿಮೀಟರಿನ ಅಳತೆಯಾಗಲಿ ಗ್ರಾಮಿನ ತೂಕವಾಗಲಿ ಇಲ್ಲದಿದ್ದರೆ ಮೊದಲು ಅದನ್ನು ಕೇಳಿ. ನಾಣ್ಯವನ್ನು ತೂಕದ ಯಂತ್ರದ ಮೇಲೆ ಇಟ್ಟು, ಅಂಕಿ ಕಾಣುವಂತೆ ತೆಗೆದ ಫೋಟೊವೇ ಆಗಬೇಕು.

ಎರಡು ಮುಖ ನೋಡಿದಿರಿ, ಮೂರನೆಯದು?

ನಾಣ್ಯಕ್ಕೆ ಎರಡು ಮುಖ ಎನ್ನುವುದು ರೂಢಿಯ ಮಾತು. ಕೊಳ್ಳುವವರಿಗೆ ಮೂರನೆಯದೊಂದು ಮುಖವಿದೆ, ಅದು ಅಂಚು. ಹರಾಜಿನ ಬಹುತೇಕ ಫೋಟೊಗಳಲ್ಲಿ ಅದು ಕಾಣುವುದಿಲ್ಲ.

ಅಚ್ಚಿನಲ್ಲಿ ಲೋಹ ಸುರಿದು ಮಾಡಿದ ನಕಲಿಗಳಲ್ಲಿ ಎರಡು ಅರ್ಧಗಳು ಕೂಡಿದ ಜಾಗದಲ್ಲಿ ಒಂದು ಸೀಳುಗೆರೆ ಉಳಿಯುತ್ತದೆ. ಅದನ್ನು ಅರದಿಂದ ಉಜ್ಜಿದ ಗುರುತು ಅಂಚಿನಲ್ಲಿರುತ್ತದೆ. ಮುಖದ ಮೇಲೆ ಗಾಳಿಗುಳ್ಳೆ ಒಡೆದ ಸಣ್ಣ ಕುಳಿಗಳೂ ಇರಬಹುದು. ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿಯ ಅಂಚಿನಲ್ಲಿ ನೆಟ್ಟಗಿನ ಗೀರುಗಳು ಒಂದೇ ಸಮನಾಗಿರಬೇಕು. 1940ರಿಂದ ಬಂದ ಅರ್ಧ ಬೆಳ್ಳಿಯ ರೂಪಾಯಿಗಳಲ್ಲಿ ಆ ಗೀರುಗಳ ನಡುವೆ ಸುತ್ತಲೂ ಒಂದು ತೋಡು ಇದೆ. ನಕಲಿ ತಡೆಯಲೆಂದೇ ಅದನ್ನು ಸೇರಿಸಲಾಗಿತ್ತು.

ನಮ್ಮ ಕಡೆ ಅಂಚನ್ನು ನೋಡಲು ಇನ್ನೊಂದು ಕಾರಣವೂ ಇದೆ. ಉತ್ತರ ಕರ್ನಾಟಕದಲ್ಲಿ ಪುತಳಿ ಸರ ಇಂದಿಗೂ ಪರಿಚಿತ. ವೆನಿಸ್ ನಗರದಿಂದ ವ್ಯಾಪಾರದ ಹಾದಿಯಲ್ಲಿ ಬಂದ ಚಿನ್ನದ ಡಕೆಟ್ ನಾಣ್ಯವನ್ನು ಇಲ್ಲಿನವರು ಪುತಳಿ ಎಂದು ಕರೆದರು. ಅದಕ್ಕೆ ಎಷ್ಟು ಬೇಡಿಕೆ ಇತ್ತೆಂದರೆ ಅದರಂತೆಯೇ ಕಾಣುವ ಬಿಲ್ಲೆಗಳನ್ನು ಇಲ್ಲಿನ ಅಕ್ಕಸಾಲಿಗರೂ ಮಾಡಿದರು. ಬೆಳ್ಳಿ ರೂಪಾಯಿಗಳನ್ನೂ ಕೊಂಡಿ ಹಾಕಿ ಸರ ಮಾಡುತ್ತಿದ್ದರು. ಕೊಂಡಿ ಕಿತ್ತ ಮೇಲೆ ಅಂಚಿನಲ್ಲಿ ಬೆಸುಗೆಯ ಕಲೆ ಉಳಿಯುತ್ತದೆ, ಅಥವಾ ಅದನ್ನು ಉಜ್ಜಿದ ಚಪ್ಪಟೆ ಜಾಗ ಉಳಿಯುತ್ತದೆ. ಅಂಥ ನಾಣ್ಯದ ಲೋಹ ಅಸಲಿಯೇ ಆಗಿದ್ದರೂ ಸಂಗ್ರಾಹಕ ಅದಕ್ಕೆ ಪೂರ್ತಿ ಬೆಲೆ ಕೊಡುವುದಿಲ್ಲ. ಫೋಟೊದಲ್ಲಿ ನಾಣ್ಯದ ಮೇಲ್ಭಾಗ ಕತ್ತರಿಸಿದ್ದರೆ, ಅಥವಾ ಬೆರಳು ಯಾವಾಗಲೂ ಮೇಲಿನ ಅಂಚನ್ನೇ ಹಿಡಿದಿದ್ದರೆ, ಅಲ್ಲೇನಿದೆ ಎಂದು ಕೇಳಿ.

ಇಸವಿ ಮತ್ತು ಚಿತ್ರ ತಾಳೆಯಾಗುತ್ತವೆಯೇ?

ಫೋಟೊ ನಿಮಗೆ ನಿಜವಾಗಿ ನೆರವಾಗುವುದು ಇಲ್ಲಿ. ಇತಿಹಾಸ ಸ್ವಲ್ಪ ಗೊತ್ತಿದ್ದರೆ ಮನೆಯಲ್ಲಿ ಕುಳಿತೇ ಎಷ್ಟೋ ನಕಲಿಗಳನ್ನು ಹೊರಗೆ ಹಾಕಬಹುದು.

*1818ರ ರಾಮ ದರ್ಬಾರ್ ನಾಣ್ಯ:* ಒಂದು ಕಡೆ ರಾಮ, ಸೀತೆ, ಲಕ್ಷ್ಮಣ, ಹನುಮಂತ, ಇನ್ನೊಂದು ಕಡೆ ‘ಈಸ್ಟ್ ಇಂಡಿಯಾ ಕಂಪನಿ 1818’. ಇದಕ್ಕೆ ದೈವಶಕ್ತಿ ಇದೆ, ಅಕ್ಕಿಯನ್ನು ಸೆಳೆಯುತ್ತದೆ, ಕೋಟಿ ಬೆಲೆ ಬಾಳುತ್ತದೆ ಎಂದೆಲ್ಲ ಪ್ರಚಾರವಿದೆ. ಕಂಪನಿ ಇಂಥ ನಾಣ್ಯವನ್ನು ಚಲಾವಣೆಗೆ ತಂದಿರಲಿಲ್ಲ. 1818ರಲ್ಲಿ ಬಂಗಾಳ, ಬೊಂಬಾಯಿ, ಮದ್ರಾಸು ಪ್ರಾಂತ್ಯಗಳಿಗೆ ಬೇರೆ ಬೇರೆ ನಾಣ್ಯಗಳಿದ್ದವು. ಎಲ್ಲ ಪ್ರಾಂತ್ಯಗಳಿಗೂ ಒಂದೇ ಮಾದರಿಯ ಕಂಪನಿ ನಾಣ್ಯ ಬಂದದ್ದು 1835ರಲ್ಲಿ. ದೇವರ ಚಿತ್ರದ ಜೊತೆ 1616, 1717, 1818 ಎಂಬ ಇಸವಿಗಳಿರುವ ಕಂಪನಿಯ ‘ಆಣೆ’ಗಳೆಲ್ಲ ಆಮೇಲೆ ಮಾಡಿದ ಬಿಲ್ಲೆಗಳು. ಪೂಜೆಗೆ ಇಟ್ಟುಕೊಳ್ಳಲು ಅಡ್ಡಿಯಿಲ್ಲ, ನಾಣ್ಯವೆಂದು ರೊಕ್ಕ ಕೊಡಬೇಡಿ.

*ವಿಕ್ಟೋರಿಯಾ ರಾಣಿಯ ರೂಪಾಯಿ:* 1862ರ ರೂಪಾಯಿಯಲ್ಲಿ ‘ಕ್ವೀನ್’ ಎಂದಿರುತ್ತದೆ. 1877ರಿಂದ ಅದು ‘ಎಂಪ್ರೆಸ್’ ಆಯಿತು. 1862 ಎಂಬ ಇಸವಿಯ ಜೊತೆ ‘ಎಂಪ್ರೆಸ್’ ಇದ್ದರೆ ಮುಂದೆ ನೋಡಬೇಕಾಗಿಲ್ಲ.

*1911ರ ಹಂದಿ ರೂಪಾಯಿ:* ಐದನೇ ಜಾರ್ಜ್ ದೊರೆಯ ಎದೆಯ ಮೇಲಿನ ಸರಪಳಿಯಲ್ಲಿ ಒಂದು ಪುಟ್ಟ ಆನೆ ಇದೆ. 1911ರ ಅಚ್ಚಿನಲ್ಲಿ ಅದರ ಸೊಂಡಿಲು ಗಿಡ್ಡವಾಗಿ, ಆನೆ ಹಂದಿಯಂತೆ ಕಂಡಿತು. ಜನರು ಆಕ್ಷೇಪಿಸಿದರು. ಟಂಕಿಸಿದ ಸುಮಾರು 94 ಲಕ್ಷ ನಾಣ್ಯಗಳಲ್ಲಿ 7 ಲಕ್ಷದಷ್ಟು ಮಾತ್ರ ಹೊರಬಂದಿದ್ದವು, ಉಳಿದವನ್ನು ಕರಗಿಸಿದರು. 1912ರಿಂದ ಆನೆಯ ಚಿತ್ರವನ್ನು ತಿದ್ದಲಾಯಿತು. ಆದ್ದರಿಂದ ಇಸವಿ ಮತ್ತು ಆನೆ ಎರಡೂ ಹೊಂದಬೇಕು. ಇಸವಿ 1911 ಇದ್ದು ಆನೆ ಮಾತ್ರ ಉದ್ದ ಸೊಂಡಿಲಿನದಾಗಿದ್ದರೆ ಇಸವಿಯನ್ನು ಕೆತ್ತಿ ಬದಲಿಸಿರುವ ಸಾಧ್ಯತೆ ಹೆಚ್ಚು.

*1939ರ ರೂಪಾಯಿ:* ಆರನೇ ಜಾರ್ಜ್ ದೊರೆಯ ಪೂರ್ಣ ಬೆಳ್ಳಿಯ ಕಾಲದ ಕೊನೆಯ ರೂಪಾಯಿ ಇದು, ನಿಜಕ್ಕೂ ವಿರಳ. ಇದನ್ನು 1938ರ ನಾಣ್ಯದ 8 ಅನ್ನು 9 ಆಗಿ ತಿದ್ದಿ ತಯಾರಿಸುವುದುಂಟು. ಇಂಥ ತಿದ್ದುಪಡಿ ತೂಕದಲ್ಲೂ ಲೋಹದಲ್ಲೂ ಸಿಕ್ಕಿಬೀಳುವುದಿಲ್ಲ, ಏಕೆಂದರೆ ಅಡಿಯಲ್ಲಿರುವುದು ಅಸಲಿ ಬೆಳ್ಳಿ ರೂಪಾಯಿಯೇ. ಕೊನೆಯ ಅಂಕಿಯ ಸುತ್ತಲಿನ ಲೋಹವನ್ನು ಭೂತಗನ್ನಡಿಯಲ್ಲಿ ನೋಡಬೇಕು, ನುರಿತವರಿಂದ ನೋಡಿಸಬೇಕು. ಅಂಚೆಯಲ್ಲಿ ಬರುವ 1939ರ ರೂಪಾಯಿಯನ್ನು ಫೋಟೊ ನಂಬಿ ಕೊಳ್ಳಲೇಬಾರದು.

*ನಕ್ಷತ್ರದ ಗುರುತು:* ಇಂದಿನ ನಾಣ್ಯಗಳಲ್ಲಿ ಇಸವಿಯ ಕೆಳಗೆ ನಕ್ಷತ್ರವಿದ್ದರೆ ಲಕ್ಷ ರೂಪಾಯಿ ಎಂಬ ವಿಡಿಯೊಗಳಿವೆ. ನಕ್ಷತ್ರ ಎಂದರೆ ಹೈದರಾಬಾದ್ ಟಂಕಸಾಲೆ, ವಜ್ರಾಕೃತಿ ಎಂದರೆ ಮುಂಬೈ, ಚುಕ್ಕೆ ಎಂದರೆ ನೋಯ್ಡಾ, ಗುರುತೇ ಇಲ್ಲದಿದ್ದರೆ ಕೋಲ್ಕತ್ತ. ಅದು ಹುಟ್ಟೂರಿನ ಗುರುತು, ಅದೊಂದರಿಂದ ಬೆಲೆ ಬರುವುದಿಲ್ಲ. ವಾಟ್ಸಾಪ್‌ನಲ್ಲಿ ಕಳಿಸಿದ ಚಿತ್ರ ಕುಗ್ಗುವುದರಿಂದ ಇಷ್ಟು ಸಣ್ಣ ಗುರುತು ಮಸುಕಾಗಿ, ಚುಕ್ಕೆ ಅಳಿಸಿಹೋಗಿ, ವಜ್ರ ಚುಕ್ಕೆಯಂತೆ ಕಾಣುವುದೂ ಉಂಟು. 2012ರ ವೈಷ್ಣೋದೇವಿ ಚಿತ್ರದ 5 ಮತ್ತು 10 ರೂಪಾಯಿ ನಾಣ್ಯಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅವು ಚಲಾವಣೆಯಲ್ಲೇ ಜನರ ಕೈಗೆ ಬಂದ ನಾಣ್ಯಗಳು.

ನಮ್ಮ ನೆಲದ ನಾಣ್ಯಗಳಲ್ಲಿ ಎಚ್ಚರ

ಬೆಳಗಾವಿ-ಬಾಗಲಕೋಟೆ ಸೀಮೆಗೆ ತನ್ನದೇ ನಾಣ್ಯಚರಿತ್ರೆ ಇದೆ. ಸುರೇಬಾನ ಇರುವ ರಾಮದುರ್ಗ ತಾಲ್ಲೂಕಿನದೇ ಆದ ತೊರಗಲ್, ಪಕ್ಕದ ಗೋಕಾಕ, ಬೆಳಗಾವಿಗೆ ಹೊಂದಿದ ಶಹಾಪುರ, ಬಾಗಲಕೋಟೆ ಈ ಊರುಗಳ ಹೆಸರು ಮೊಗಲ್ ಮತ್ತು ಮರಾಠಾ ಕಾಲದ ಟಂಕಸಾಲೆಗಳ ಪಟ್ಟಿಯಲ್ಲಿ ಸಿಗುತ್ತವೆ. ಆ ಕಾಲದ ಬಿಲ್ಲೆ ಅಚ್ಚಿಗಿಂತ ಚಿಕ್ಕದಾಗಿರುತ್ತಿತ್ತು. ಹೀಗಾಗಿ ಪರ್ಷಿಯನ್ ಬರಹದ ಒಂದು ಭಾಗ ಮಾತ್ರ ನಾಣ್ಯದ ಮೇಲೆ ಬೀಳುತ್ತಿತ್ತು, ಊರಿನ ಹೆಸರು ಎಷ್ಟೋ ಸಲ ಅರ್ಧಕ್ಕೇ ಕತ್ತರಿಸಿಹೋಗುತ್ತಿತ್ತು. ಈ ಅರ್ಧ ಅಕ್ಷರಗಳನ್ನು ತೋರಿಸಿ ಸಾಮಾನ್ಯ ಊರಿನ ನಾಣ್ಯವನ್ನು ವಿರಳ ಊರಿನದು ಎಂದು ಮಾರುವುದು ಸುಲಭ. ಟಂಕಸಾಲೆಯ ಹೆಸರಿನ ಅಕ್ಷರಗಳು ಫೋಟೊದಲ್ಲಿ ಸ್ಪಷ್ಟವಾಗಿ ಕಾಣದಿದ್ದರೆ ಆ ಹೆಸರಿಗೆ ಹೆಚ್ಚಿನ ಬೆಲೆ ಕೊಡಬೇಡಿ. ಊರಿನ ಅಭಿಮಾನ ಬೇರೆ, ಓದಬಲ್ಲ ಅಕ್ಷರ ಬೇರೆ.

ಟಿಪ್ಪು ಸುಲ್ತಾನನ ಆನೆ ಚಿತ್ರದ ತಾಮ್ರದ ಕಾಸುಗಳಲ್ಲಿ ಇದಕ್ಕೆ ವಿರುದ್ಧವಾದ ತಪ್ಪು ನಡೆಯುತ್ತದೆ, ಅಸಲಿಯನ್ನೇ ನಕಲಿ ಎನ್ನುತ್ತಾರೆ. ಟಿಪ್ಪು ತನ್ನ ಆಳ್ವಿಕೆಯ ನಡುವೆ ಹಿಜರಿ ಶಕೆಯನ್ನು ಬಿಟ್ಟು ಮೌಲೂದಿ ಶಕೆಯನ್ನು ತಂದ. ಆ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. 1218 ಎಂಬ ವರ್ಷ ನಾಣ್ಯದ ಮೇಲೆ ಎಡದಿಂದ ಓದಿದರೆ 8121 ಎಂದು ಕಾಣುತ್ತದೆ. ಅಂಕಿ ತಿರುವುಮುರುವಾಗಿದೆ ಎಂದು ಅಂಥ ನಾಣ್ಯವನ್ನು ತಳ್ಳಿಹಾಕಬೇಡಿ. ಆದರೆ ಮುಂದಿನ ಕ್ಯಾಮೆರಾದಿಂದ ತೆಗೆದ ಫೋಟೊ ಕನ್ನಡಿಯಂತೆ ಮಗುಚಿರಬಹುದು. ಹಾಗಾದಾಗ ಅಂಕಿಗಳ ಸಾಲು ಮಾತ್ರವಲ್ಲ, ಒಂದೊಂದು ಅಂಕಿಯ ಆಕಾರವೂ ಮಗುಚಿರುತ್ತದೆ. ವ್ಯತ್ಯಾಸ ಅಲ್ಲಿ ಗೊತ್ತಾಗುತ್ತದೆ.

ಫೋಟೊ ಯಾರದು?

ಇದನ್ನು ಪರೀಕ್ಷಿಸಲು ಅರ್ಧ ನಿಮಿಷ ಸಾಕು. ಚಿತ್ರವನ್ನು ಉಳಿಸಿಕೊಂಡು ಗೂಗಲ್ ಲೆನ್ಸ್‌ನಲ್ಲಿ ಹುಡುಕಿ. ಅದೇ ಗೀರು, ಅದೇ ಕಲೆ ಇರುವ ಫೋಟೊ ಬೇರೆ ಹರಾಜಿನ ಹಳೆಯ ಪುಟದಲ್ಲಿ ಸಿಕ್ಕರೆ ಮಾರುವವನ ಬಳಿ ಆ ನಾಣ್ಯ ಇಲ್ಲದಿರಬಹುದು. ಲೆನ್ಸ್‌ನಲ್ಲಿ ಏನೂ ಸಿಗದಿದ್ದರೆ ಇನ್ನೊಂದು ಉಪಾಯ ಮಾಡಿ. ಒಂದು ಚೀಟಿಯ ಮೇಲೆ ಇಂದಿನ ದಿನಾಂಕವನ್ನೂ ನೀವು ಹೇಳಿದ ಒಂದು ಕನ್ನಡ ಪದವನ್ನೂ ಬರೆದು, ಅದನ್ನು ನಾಣ್ಯದ ಪಕ್ಕದಲ್ಲಿಟ್ಟು ವಿಡಿಯೊ ಕಳಿಸಲು ಹೇಳಿ.

ಗಾಜಿನಂಥ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ದರ್ಜೆಯ ಅಂಕಿಯೊಂದಿಗೆ ಬರುವ ನಾಣ್ಯಗಳಿಗೂ ಇದೇ ಎಚ್ಚರ ಬೇಕು. ಎನ್‌ಜಿಸಿ, ಪಿಸಿಜಿಎಸ್ ಎಂಬ ಅಮೆರಿಕದ ಸಂಸ್ಥೆಗಳು ನಾಣ್ಯವನ್ನು ಪರೀಕ್ಷಿಸಿ ಹೀಗೆ ಮುಚ್ಚಿಕೊಡುತ್ತವೆ. ಪೆಟ್ಟಿಗೆಯನ್ನೂ ನಕಲು ಮಾಡುವವರಿದ್ದಾರೆ. ಪೆಟ್ಟಿಗೆಯ ಮೇಲಿನ ಸಂಖ್ಯೆಯನ್ನು ಆ ಸಂಸ್ಥೆಯ ಜಾಲತಾಣದಲ್ಲಿ ಹಾಕಿ ನೋಡಿ. ಸಂಖ್ಯೆ ಸಿಕ್ಕರೆ ಸಾಲದು, ಅಲ್ಲಿ ನಾಣ್ಯದ ಫೋಟೊ ಇದ್ದರೆ ಗೀರು-ಕಲೆಗಳನ್ನು ಒಂದೊಂದಾಗಿ ತಾಳೆ ನೋಡಿ. ಅಸಲಿ ಸಂಖ್ಯೆಯನ್ನು ನಕಲಿ ಪೆಟ್ಟಿಗೆಗೆ ಅಂಟಿಸುವುದು ಕಷ್ಟದ ಕೆಲಸವಲ್ಲ.

ಕೇಳಿದ ಬೆಲೆ ಬೆಲೆಯಲ್ಲ

‘ಇದೇ ನಾಣ್ಯ ಆನ್‌ಲೈನಿನಲ್ಲಿ 5 ಲಕ್ಷಕ್ಕಿದೆ’ ಎಂದರೆ ಒಬ್ಬ 5 ಲಕ್ಷ ಕೇಳಿದ್ದಾನೆ ಎಂದು ಮಾತ್ರ ಅರ್ಥ. ಯಾರಾದರೂ ಕೊಟ್ಟರೇ ಎಂಬುದು ಬೇರೆ ಪ್ರಶ್ನೆ. ಹೆಸರಾಂತ ಹರಾಜು ಸಂಸ್ಥೆಗಳು ಮುಗಿದ ಹರಾಜುಗಳಲ್ಲಿ ನಾಣ್ಯ ಎಷ್ಟಕ್ಕೆ ಹೋಯಿತು ಎಂಬುದನ್ನು ತಮ್ಮ ಜಾಲತಾಣದಲ್ಲಿ ಪ್ರಕಟಿಸುತ್ತವೆ. ಅದೇ ಇಸವಿ, ಅದೇ ಟಂಕಸಾಲೆ, ಅದೇ ಸ್ಥಿತಿಯ ನಾಣ್ಯ ಅಲ್ಲಿ ಎಷ್ಟಕ್ಕೆ ಮಾರಾಟವಾಗಿದೆ ಎಂದು ನೋಡಿ. ಅಂಗಡಿಯ ಬೋರ್ಡಿನ ಬೆಲೆ ಬಿಟ್ಟು ಸಂತೆಯಲ್ಲಿ ಕೈ ಬದಲಿಸಿದ ಬೆಲೆಯನ್ನು ಕೇಳಿದಂತೆ.

ಹಳೆಯದೆಲ್ಲ ವಿರಳವೂ ಅಲ್ಲ. 1947ರ ಹುಲಿ ಚಿತ್ರದ ರೂಪಾಯಿಯನ್ನು ಸ್ವಾತಂತ್ರ್ಯದ ವರ್ಷದ್ದೆಂದು ಭಾರಿ ಬೆಲೆಗೆ ಇಡುತ್ತಾರೆ. ಅದು ಕೋಟಿಗಟ್ಟಲೆ ಟಂಕವಾದ ನಿಕ್ಕಲ್ ನಾಣ್ಯ, ಅದರಲ್ಲಿ ಬೆಳ್ಳಿಯೇ ಇಲ್ಲ.

ನಾಣ್ಯ ಕೈಗೆ ಬಂದ ಮೇಲೆ ಮಾಡಬೇಕಾದ ಮೂರು ಪರೀಕ್ಷೆ

ಪಾರ್ಸೆಲ್ ಬಿಚ್ಚುವಾಗಲೇ ವಿಡಿಯೊ ಮಾಡಿಕೊಳ್ಳಿ. ಹಿಂದಿರುಗಿಸುವ ಅವಧಿ ಮುಗಿಯುವ ಮೊದಲು ಈ ಪರೀಕ್ಷೆಗಳನ್ನು ಮಾಡಿ.

*ತೂಕ:* 1835ರಿಂದ 1939ರವರೆಗಿನ ಬೆಳ್ಳಿ ರೂಪಾಯಿಯ ನಿಗದಿತ ತೂಕ 11.66 ಗ್ರಾಂ, ಅದರಲ್ಲಿ ಬೆಳ್ಳಿ 91.7 ಶೇಕಡಾ. ಸವೆದ ನಾಣ್ಯ ಸ್ವಲ್ಪ ಕಡಿಮೆ ತೂಗಬಹುದು. ಚೆನ್ನಾಗಿ ಸವೆದಿದ್ದೂ 12 ಗ್ರಾಂ ತೂಗಿದರೆ ಅನುಮಾನ ಪಡಿ.

*ನೀರು:* ಗ್ರಾಮಿನ ನೂರನೇ ಭಾಗ ತೋರಿಸುವ ಅಕ್ಕಸಾಲಿಗರ ತಕ್ಕಡಿ ಬೇಕು. ಅದರ ಮೇಲೆ ನೀರಿನ ಲೋಟ ಇಟ್ಟು ಅಂಕಿಯನ್ನು ಸೊನ್ನೆ ಮಾಡಿ. ನಾಣ್ಯವನ್ನು ತೆಳ್ಳನೆಯ ದಾರಕ್ಕೆ ಕಟ್ಟಿ, ತಳಕ್ಕಾಗಲಿ ಗೋಡೆಗಾಗಲಿ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕವನ್ನು ತಕ್ಕಡಿ ತೋರಿಸುತ್ತದೆ. ನಾಣ್ಯದ ತೂಕವನ್ನು ಆ ಅಂಕಿಯಿಂದ ಭಾಗಿಸಿದರೆ ಲೋಹದ ಸಾಂದ್ರತೆ ಸಿಗುತ್ತದೆ. ಅಸಲಿ ಬೆಳ್ಳಿ ರೂಪಾಯಿಗೆ ತಕ್ಕಡಿ ಸುಮಾರು 1.13 ತೋರಿಸಬೇಕು, ಭಾಗಿಸಿದರೆ 10.3 ಬರುತ್ತದೆ. ತಾಮ್ರ-ನಿಕ್ಕಲ್ ಆಗಿದ್ದರೆ 1.31ರ ಆಸುಪಾಸು ತೋರಿಸಿ ಸಾಂದ್ರತೆ 8.9ಕ್ಕೆ ಇಳಿಯುತ್ತದೆ. ನಾಣ್ಯ ಸವೆದು ತೂಕ ಇಳಿದಿದ್ದರೂ ಸಾಂದ್ರತೆ ಬದಲಾಗುವುದಿಲ್ಲ ಎಂಬುದು ಈ ಪರೀಕ್ಷೆಯ ಲಾಭ. ನಾಣ್ಯಕ್ಕೆ ಯಾವ ಹಾನಿಯೂ ಆಗುವುದಿಲ್ಲ, ಆಮೇಲೆ ಮೆತ್ತನೆಯ ಬಟ್ಟೆಯ ಮೇಲಿಟ್ಟು ಒಣಗಿಸಿ. ಒರೆಸಬೇಡಿ.

*ಅಯಸ್ಕಾಂತ:* ‘ಅಯಸ್ಕಾಂತಕ್ಕೆ ಅಂಟಿದರೆ ನಕಲಿ, ಅಂಟದಿದ್ದರೆ ಅಸಲಿ’ ಎಂಬ ಮಾತು ಅರ್ಧ ಸತ್ಯ. ಬೆಳ್ಳಿ ಅಂಟುವುದಿಲ್ಲ, ಹಾಗಾಗಿ ಅಂಟಿದ ‘ಬೆಳ್ಳಿ’ ರೂಪಾಯಿ ಖಂಡಿತ ನಕಲಿ. ಆದರೆ ತಾಮ್ರ, ಹಿತ್ತಾಳೆ, ಸೀಸವೂ ಅಂಟುವುದಿಲ್ಲ. ಅಂಟಲಿಲ್ಲ ಎಂದ ಮಾತ್ರಕ್ಕೆ ಬೆಳ್ಳಿಯಾಗದು. ಇನ್ನೊಂದೆಡೆ 1947ರ ನಿಕ್ಕಲ್ ರೂಪಾಯಿ ಅಸಲಿಯಾಗಿದ್ದರೆ ಅಯಸ್ಕಾಂತಕ್ಕೆ ಅಂಟಲೇಬೇಕು.

ಮಾರಲು ಹೊರಟವರಿಗೆ ಬರುವ ಕರೆ

ಇನ್ನು ಮನೆಯ ನಾಣ್ಯ ಮಾರುವವರ ಕಥೆ. ಇಲ್ಲಿ ಫೋಟೊ ಹಾಕುವವರು ನೀವು, ಮೋಸ ಮಾಡುವವನು ಕೊಳ್ಳುವವನ ವೇಷದಲ್ಲಿ ಬರುತ್ತಾನೆ. 2021ರ ಜೂನ್‌ನಲ್ಲಿ ಬೆಂಗಳೂರಿನ ಶಿಕ್ಷಕಿಯೊಬ್ಬರ ಪ್ರಕರಣ ಪತ್ರಿಕೆಗಳಲ್ಲಿ ವರದಿಯಾಗಿತ್ತು. ಅವರು 1947ರ ನಾಣ್ಯವೊಂದನ್ನು 10 ಲಕ್ಷ ರೂಪಾಯಿಗೆ ಆನ್‌ಲೈನಿನಲ್ಲಿ ಮಾರಾಟಕ್ಕಿಟ್ಟಿದ್ದರು. ಒಬ್ಬ 1 ಕೋಟಿ ಕೊಡುತ್ತೇನೆಂದ. ಆ ಹಣ ಬರಬೇಕಾದರೆ ಮೊದಲು ತೆರಿಗೆ ಕಟ್ಟಬೇಕೆಂದು ಹೇಳಿ ಸುಮಾರು 1 ಲಕ್ಷ ರೂಪಾಯಿ ಹಾಕಿಸಿಕೊಂಡು ಮಾಯವಾದ. ಕೇಳಿದ್ದಕ್ಕಿಂತ ಹತ್ತು ಪಟ್ಟು ಹೆಚ್ಚು ಕೊಡುವ ಗಿರಾಕಿ ಯಾವ ಸಂತೆಯಲ್ಲೂ ಇಲ್ಲ.

ಅದೇ ವರ್ಷದ ಆಗಸ್ಟ್ 4ರಂದು ಭಾರತೀಯ ರಿಸರ್ವ್ ಬ್ಯಾಂಕ್ ಪ್ರಕಟಣೆ ಹೊರಡಿಸಿತು. ಹಳೆಯ ನೋಟು-ನಾಣ್ಯಗಳ ವ್ಯವಹಾರದಲ್ಲಿ ತನ್ನ ಹೆಸರು ಮತ್ತು ಲಾಂಛನವನ್ನು ದುರುಪಯೋಗ ಮಾಡಿ ಶುಲ್ಕ, ಕಮಿಷನ್, ತೆರಿಗೆ ಕೇಳಲಾಗುತ್ತಿದೆ, ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ಅದರಲ್ಲಿ ಸ್ಪಷ್ಟಪಡಿಸಿತ್ತು. ರಿಸರ್ವ್ ಬ್ಯಾಂಕಿನ ಮುದ್ರೆ ಇರುವ ಪ್ರಮಾಣಪತ್ರದ ಫೋಟೊ ಯಾರಾದರೂ ಕಳಿಸಿದರೆ ಅದೇ ಮೋಸಕ್ಕೆ ಸಾಕ್ಷಿ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ ಎಂಬುದನ್ನೂ ಮನೆಯ ಹಿರಿಯರಿಗೆ ಹೇಳಿಡಿ. ಹಣ ಹೋಗಿದ್ದರೆ ನಾಚಿಕೆಪಡದೆ ಕೂಡಲೇ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಖಾತೆಯಲ್ಲಿ ಹಣವನ್ನು ತಡೆಯುವ ಅವಕಾಶ ಹೆಚ್ಚು.

ಇದರದೇ ಹಳೆಯ ರೂಪ ಮಧ್ಯ ಕರ್ನಾಟಕದ ಪೊಲೀಸ್ ಠಾಣೆಗಳಿಗೆ ಚೆನ್ನಾಗಿ ಪರಿಚಿತ. ‘ಮನೆಯ ಪಾಯ ತೋಡುವಾಗ ಬಂಗಾರದ ನಾಣ್ಯ ಸಿಕ್ಕಿವೆ’ ಎಂದು ಕರೆ ಮಾಡಿ, ಪರೀಕ್ಷಿಸಿಕೊಳ್ಳಿ ಎಂದು ಒಂದೆರಡು ಅಸಲಿ ಬಂಗಾರದ ನಾಣ್ಯ ಕೊಡುತ್ತಾರೆ. ಅಕ್ಕಸಾಲಿಗ ಹೌದೆನ್ನುತ್ತಾನೆ. ಆಮೇಲೆ ಲಕ್ಷಗಟ್ಟಲೆ ರೊಕ್ಕಕ್ಕೆ ಕೈಗೆ ಬರುವ ಗಂಟಿನಲ್ಲಿ ಇರುವುದೆಲ್ಲ ನಕಲಿ. ಆ ಒಂದು ಅಸಲಿ ನಾಣ್ಯ ಮಾಡುವ ಕೆಲಸವನ್ನೇ ಆನ್‌ಲೈನಿನಲ್ಲಿ ಒಂದು ಚಂದದ ಫೋಟೊ ಮಾಡುತ್ತದೆ. ನೆಲದಲ್ಲಿ ನಿಜವಾಗಿ ನಿಧಿ ಸಿಕ್ಕರೂ ಅದನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕೆಂದು ಕಾನೂನಿದೆ, ಗುಟ್ಟಾಗಿ ಕೊಳ್ಳುವುದೂ ಅಪರಾಧಕ್ಕೆ ದಾರಿ. ನೂರು ವರ್ಷ ದಾಟಿದ ನಾಣ್ಯಗಳು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುವುದರಿಂದ ಅವನ್ನು ವಿದೇಶದ ಗಿರಾಕಿಗೆ ಕಳಿಸುವಂತಿಲ್ಲ ಎಂಬುದೂ ನೆನಪಿರಲಿ.

ಒಂದು ಪುಟದ ಪಟ್ಟಿ

ಬಿಡ್ ಮಾಡುವ ಮೊದಲು ಮಾರುವವರಿಗೆ ಕೇಳಬೇಕಾದದ್ದು ಇಷ್ಟು:

1. ಎರಡೂ ಮುಖಗಳ, ಸುತ್ತಲಿನ ಅಂಚಿನ ಸ್ಪಷ್ಟ ಫೋಟೊ, ಹಗಲು ಬೆಳಕಿನಲ್ಲಿ.
2. ತಕ್ಕಡಿಯ ಮೇಲೆ ನಾಣ್ಯ, ಅಂಕಿ ಕಾಣುವಂತೆ.
3. ಪಕ್ಕದಲ್ಲಿ ಇಂದಿನ ಒಂದು ರೂಪಾಯಿ ಮತ್ತು ದಿನಾಂಕದ ಚೀಟಿ.
4. ಒಂದೇ ಬಲ್ಬಿನ ಕೆಳಗೆ ಓರೆ ಮಾಡುವ ವಿಡಿಯೊ.
5. ತೊಳೆದಿದ್ದಾರೆಯೇ, ಕೊಂಡಿ ಇತ್ತೇ ಎಂಬುದಕ್ಕೆ ಲಿಖಿತ ಉತ್ತರ.
6. ನಕಲಿ ಎಂದಾದರೆ ಹಿಂದಕ್ಕೆ ತೆಗೆದುಕೊಳ್ಳುವ ಲಿಖಿತ ಒಪ್ಪಿಗೆ.

ಆರಕ್ಕೂ ಉತ್ತರ ಸಿಕ್ಕರೆ ಬಿಡ್ ಮಾಡಬಹುದು, ಅದೂ ಕಳೆದುಕೊಂಡರೆ ಮನೆ ನಡೆಯಲು ತೊಂದರೆಯಾಗದಷ್ಟು ಮೊತ್ತಕ್ಕೆ. ಸಿಗದಿದ್ದರೆ ಆ ನಾಣ್ಯವನ್ನು ಬಿಡಿ. ಅಂಥದು ಮತ್ತೆ ಬರುತ್ತದೆ.

ಇನ್ನು ಜಗಲಿಯ ಮೇಲಿನ ನಾಲ್ಕು ಬಂದಾ ರೂಪಾಯಿಗಳು. ಅವುಗಳಲ್ಲಿ ವಿರಳವಾದದ್ದು ಇರಬಹುದು, ಬಹುಶಃ ಇರಲಿಕ್ಕಿಲ್ಲ. ಇಸವಿ ಓದಿ, ತೂಕ ಬರೆದಿಟ್ಟುಕೊಳ್ಳಿ, ಬೆಳ್ಳಿಯ ಇಂದಿನ ದರದಲ್ಲಿ ಲೆಕ್ಕ ಹಾಕಿ. ಒಂದು ರೂಪಾಯಿಯಲ್ಲಿ ಸುಮಾರು 10.7 ಗ್ರಾಂ ಶುದ್ಧ ಬೆಳ್ಳಿ ಇದೆ, ಅದಕ್ಕಿಂತ ಕಡಿಮೆಗೆ ಯಾರಿಗೂ ಕೊಡಬೇಕಾಗಿಲ್ಲ. ಬರುವ ದೀಪಾವಳಿಗೆ ಮಾತ್ರ ಹುಣಸೆಹಣ್ಣು ಬೇಡ. ಬರೀ ನೀರಿನಲ್ಲಿ ಅದ್ದಿ, ಹಾಗೇ ಒಣಗಲು ಬಿಡಿ. ಕಪ್ಪಾಗಿದ್ದರೂ ಪೂಜೆಗೆ ಕೊರತೆಯಿಲ್ಲ.